ಸಾರಣೆ ಎಣಿಸಿದ ಮಾಸ್ತರು

ಮಾಸ್ತರು ಒಡೆದ ಗಡಿಗೆಯ ಚೂರನ್ನು ನೆಲದಿಂದ ಹೆಕ್ಕಿ, ಪ್ಯಾಂಟಿನ ತೊಡೆಗೆ ಎರಡು ಸಲ ಉಜ್ಜಿ, ಅದನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಆಗ ಅವರ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಚೂರು ನಾಲಿಗೆಗೆ ಎಷ್ಟು ಅಂಟುತ್ತದೆ ಎಂಬುದರ ಮೇಲೆ ಆ ಗಡಿಗೆ ಎಷ್ಟು ಬೆಂದಿತ್ತೆಂದು ಹೇಳುತ್ತಿದ್ದರು. ಮೊದಲ ದಿನ ಹಾಗೆ ಮಾಡಿದ್ದು ನಮ್ಮ ಹಳೇ ಕೇರಿಯ ಬೂದಿಗುಂಡಿಯ ಪಕ್ಕ ನಿಂತು. ನೋಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಅವ್ವ ಮಾತ್ರ ನಗಲಿಲ್ಲ. ಊರ ಚಹಾದಂಗಡಿಯಲ್ಲಿ ನಮ್ಮ ಮಂದಿಗೆ ಬೇರೆ ಕಪ್ಪು, ಅದೂ ಹೊರಗಿನ ಗೂಡಿನಲ್ಲಿ, ಇಡುತ್ತಿದ್ದ ದಿನಗಳು ಅವು.

“ಯಾರರ ಅವರಿಗಿ ಹೇಳ್ರಿ, ಅದು ನಮ್ಮವರ ಗಡಿಗಿದು ಅಂತ,” ಎಂದು ಅವ್ವ ನನ್ನ ತೋಳು ಜಗ್ಗಿದಳು.

ನಾನು ಹೇಳಿದೆ. ಅವರು ಚೂರನ್ನು ನಾಲಿಗೆಯಿಂದ ತೆಗೆದು, “ಗೊತ್ತೈತ್ರಿ ಅಕ್ಕೋರ. ಅದಕ್ಕ ಬಂದೇನಿ,” ಎಂದರು.

ಅವರು ಅಥಣಿ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಹುಟ್ಟೂರು ರಾಯಬಾಗದ ಹತ್ತಿರ. ನಮ್ಮ ಕೇರಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಆದ್ದರಿಂದ ನಾನೂ ಬರೆಯುವುದಿಲ್ಲ. ಗಡಿಗೆಯ ಚೂರಿಗೆ ಬೋಕಿ ಅನ್ನುತ್ತಾರಲ್ಲ, ಹಾಗಾಗಿ ಅವರು ಎಲ್ಲರ ಬಾಯಲ್ಲೂ ಬೋಕಿ ಮಾಸ್ತರು. ಎದುರಿಗೇ ಹಾಗೆ ಕರೆದರೂ ಸಿಟ್ಟಾಗುತ್ತಿರಲಿಲ್ಲ. ಸಿಟ್ಟು ಬರುತ್ತಿದ್ದುದು ಬೇರೆ ಸಂಗತಿಗಳಿಗೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಆಗ ಕೇರಿಯ ಅಂಗನವಾಡಿಯಲ್ಲಿ ಅಕ್ಕೋರು. ಇಪ್ಪತ್ನಾಲ್ಕರ ವಯಸ್ಸು, ಎಸ್ಸೆಸ್ಸೆಲ್ಸಿ ಪಾಸು, ಕೇರಿಯಲ್ಲಿ ಸರಕಾರದ ಕೆಲಸ ಸಿಕ್ಕ ಮೊದಲ ಹೆಂಗಸು. ಜಂಬ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಊರು ಸತ್ತಿಯ ಆಚೆ ಕೃಷ್ಣೆಯ ದಂಡೆಯಲ್ಲಿದೆ. ಊರಿನ ಹೆಸರನ್ನೂ ಬರೆಯುವುದಿಲ್ಲ. ಈ ಕಥೆ ಆ ದಂಡೆಯ ಯಾವ ಊರಿನದಾದರೂ ಆಗಬಹುದಿತ್ತು.

ಮಾಸ್ತರು ತೆಳ್ಳಗಿನ ಮನುಷ್ಯ. ಹೆಗಲಿಗೆ ಖಾಕಿ ಚೀಲ. ಅದರಲ್ಲಿ ಮನೆ ಕಟ್ಟುವ ಗೌಂಡಿಗಳು ಬಳಸುವ ಒಂದು ಥಾಪಿ, ಹಳೆಯ ಹಲ್ಲುಜ್ಜುವ ಬ್ರಶ್ಶುಗಳು, ದಾರದ ಉಂಡೆ, ಮೊಳೆಗಳು, ಮತ್ತು ಬಟ್ಟೆಯಲ್ಲಿ ಕಟ್ಟಿದ ಎರಡು ಜೋಳದ ರೊಟ್ಟಿ. ಸೈಕಲ್ ಮೇಲೆ ಬರುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಿ ಗಾಡಿಗಳ ಸಾಲು ರಸ್ತೆ ಹಿಡಿದಿದ್ದರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದರು. ಬಂದವರು ಮೊದಲು ನೀರು ಕೇಳುತ್ತಿದ್ದರು, ನಮ್ಮ ಮನೆಯ ತಂಬಿಗೆಯಲ್ಲೇ ಕುಡಿಯುತ್ತಿದ್ದರು. ಕುಡಿದು ದೊಡ್ಡ ಉಪಕಾರ ಮಾಡಿದವರ ಮುಖ ಮಾಡುತ್ತಿರಲಿಲ್ಲ.

ಅವರದು ಒಂದೇ ಪ್ರಶ್ನೆ: “ಎಲ್ಲಿ ಸಿಕ್ತು?” ಏನು ಸಿಕ್ಕಿತು ಎಂಬುದು ಅವರಿಗೆ ಎರಡನೆಯ ಮಾತು. ಒಮ್ಮೆ ಉಗಾರ ಬುದ್ರುಕದಿಂದ ಒಬ್ಬ ದೊಡ್ಡ ಕಬ್ಬಿನ ರೈತ ಕಲ್ಲಿನ ಮೂರ್ತಿಯೊಂದನ್ನು ಮೋಟರ್ ಸೈಕಲ್ ಮೇಲೆ ಕಟ್ಟಿಕೊಂಡು ಇವರನ್ನು ಹುಡುಕುತ್ತ ನಮ್ಮ ಕೇರಿಗೇ ಬಂದ. ಮಾಸ್ತರು ಮೂರ್ತಿಯ ಕಡೆ ನೋಡಲೂ ಇಲ್ಲ.

“ಎಲ್ಲಿ ಸಿಕ್ತರಿ?”

“ಮಿರಜ ಸಂತ್ಯಾಗ ಕೊಂಡೇನಿ. ಯಾವ ಕಾಲದ್ದು ಹೇಳ್ರಿ.”

“ನೀವು ಕೊಂಡ ಕಾಲದ್ದು. ದೇವರ ಮನ್ಯಾಗ ಇಟ್ಟು ಪೂಜಿ ಮಾಡ್ರಿ, ನನಗ ಬ್ಯಾಡ.”

ಆತ ಮುಖ ಊದಿಸಿಕೊಂಡು ಹೋದ. ಇಂಥ ಮಾತಿನಿಂದಲೇ ಅವರಿಗೆ ದೊಡ್ಡವರ ನಡುವೆ ಒಬ್ಬ ಗೆಳೆಯನೂ ಉಳಿದಿರಲಿಲ್ಲ.

ಕಾಲೇಜಿನಲ್ಲಿ ಅವರು ಅರಸರ ಪಾಠವನ್ನೇ ಹೇಳಬೇಕಿತ್ತು, ಹೇಳುತ್ತಲೂ ಇದ್ದರು. ಆದರೆ ಮನಸ್ಸು ಇದ್ದುದು ಬೇರೆ ಕಡೆ. ಅರಸರು ಕಲ್ಲಿನ ಮೇಲೆ ಬರೆಸಿ ಹೋದರು, ಬ್ರಿಟಿಷರು ಕಾಗದದ ಮೇಲೆ ಬರೆದು ಹೋದರು, ಬರೆಯಲು ಬಾರದವರು ಎಲ್ಲಿ ಹೋದರು ಎಂಬುದು ಅವರ ತಕರಾರು. ಮೊನ್ನೆ ಮೊನ್ನೆಯವರೆಗೆ ಬದುಕಿದ್ದ ಬಡವರ ಮನೆಯನ್ನೂ ಅಗೆದು ಓದಬೇಕು, ಹೊಸದಾಗಿ ಕೆಲಸ ಮಾಡುವವರು ಹಾಗೆಯೇ ಮಾಡುತ್ತಿದ್ದಾರೆ, ನಮ್ಮವರಿಗೆ ಮಾತ್ರ ಸಾವಿರ ವರ್ಷ ಹಳೆಯದಾದರೇ ಕಣ್ಣಿಗೆ ಕಾಣುತ್ತದೆ ಎಂದು ಬಯ್ಯುತ್ತಿದ್ದರು. ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಿಯೊಂದನ್ನು, ಅಂದರೆ ಗೋದಾಮನ್ನು, ಕೆಡವುವಾಗ ರಜೆ ಹಾಕಿ ಹೋಗಿ, ಮೂರು ದಿನ ನೆಲದ ಕಲ್ಲುಗಳನ್ನು ಅಳೆದು ಬಂದರು. ಹೆಂಗಸರು ಸಾಲಾಗಿ ಕೂತು ಎಲೆ ಸೋಸಿದ ಜಾಗದಲ್ಲಿ ಕಲ್ಲು ನುಣ್ಣಗೆ ಸವೆದಿತ್ತಂತೆ. ಒಬ್ಬಳಿಗೂ ಇನ್ನೊಬ್ಬಳಿಗೂ ನಡುವೆ ಒಂದು ಗೇಣು ಕೂಡ ಇರಲಿಲ್ಲವಂತೆ. “ಮಾಲಕರ ವಹಿಯೊಳಗ ಇದನ್ನ ಬರದಿಲ್ರಿ ಅಕ್ಕೋರ. ಕಲ್ಲು ಬರಕೊಂಡೈತಿ,” ಎಂದು ನನಗೆ ಹೇಳಿದರು.

ಅವರು ನಮ್ಮ ಕೇರಿಗೆ ಬಂದದ್ದು ಒಂದು ಫೈಲಿನಿಂದಾಗಿ. ನನ್ನ ಆಯಿ, ಅಂದರೆ ಅಜ್ಜಿ, ಸಣ್ಣವಳಾಗಿದ್ದಾಗ ಕೃಷ್ಣೆಗೆ ದೊಡ್ಡ ಮಹಾಪೂರ ಬಂದು ಇಡೀ ಕೇರಿ ಎದ್ದು ಮೇಲಿನ ಹೊಲಗಳ ಅಂಚಿಗೆ ಹೋಗಿತ್ತು. ನೀರು ಇಳಿದ ಮೇಲೆ ಹಿಂದಿರುಗಲು ಊರವರು ಬಿಡಲಿಲ್ಲ. ಹಳೇ ಕೇರಿಯ ದಿಬ್ಬ ಖಾಲಿ ಬಿತ್ತು. ನಾವು ಎರಡು ತಲೆಮಾರು ಇನ್ನೊಬ್ಬರ ಬದುವಿನ ಮೇಲೆ ಗುಡಿಸಲು ಹಾಕಿಕೊಂಡು ಬದುಕಿದೆವು. ಎಂಬತ್ತರ ದಶಕದ ಕೊನೆಯಲ್ಲಿ, ಆ ದಿಬ್ಬದ ಮೇಲೆ ಮನೆ ಕಟ್ಟಿಕೊಳ್ಳಲು ನಿವೇಶನ ಕೊಡಿ ಎಂದು ಅರ್ಜಿ ಹಾಕಿದೆವು. ಊರ ಹಿರಿಯರಿಗೆ ಅದು ಕಬ್ಬಿನ ಗಾಡಿ ನಿಲ್ಲಿಸಲು ಬೇಕಿತ್ತು. ಸರಕಾರದ ದಾಖಲೆಯಲ್ಲಿ ದಿಬ್ಬಕ್ಕೆ ಗಾಯರಾಣ, ದನ ಮೇಯುವ ಜಾಗ, ಎಂದು ಬರೆದಿತ್ತು.

“ನಿಮ್ಮ ಮಂದಿ ಅಲ್ಲಿ ಎಂದೂ ಇದ್ದಿಲ್ಲ,” ಎಂದರು ಊರ ಪಂಚರಲ್ಲಿ ಹಿರಿಯರು, ನಮ್ಮ ಎದುರಿಗೇ. “ಕಬ್ಬ ಕಡ್ಯಾಕಂತ ಬಂದವರು ನೀವು. ಜಾಗಾ ತೋರಿಸಿದ್ದ ನಾವು.”

ಅರ್ಜಿ ಚಿಕ್ಕೋಡಿಯ ಪ್ರಾಂತ ಕಚೇರಿಗೆ ಹೋಗಿ, ಹಿಂದೆ ವಾಸವಿದ್ದುದಕ್ಕೆ ಪುರಾವೆ ಏನು ಎಂಬ ಒಂದು ಸಾಲು ಬರೆಸಿಕೊಂಡು ಹಿಂದಕ್ಕೆ ಬಂತು. ಪುರಾವೆ! ನಮ್ಮ ಹತ್ತಿರ ಯಾರು ಎಂದು ಏನು ಬರೆದುಕೊಟ್ಟಿದ್ದರು? ಆಗ ನಮ್ಮ ಕೇರಿಯಿಂದ ಕಾಲೇಜಿಗೆ ಹೋಗಿ ಬಂದಿದ್ದ ನನ್ನ ಅಣ್ಣ ಈ ಮಾಸ್ತರ ಮುಂದೆ ಸಂಗತಿ ಹೇಳಿದ. ಮರುದಿನವೇ ಸೈಕಲ್ ನಮ್ಮ ಕೇರಿಯ ಬೇವಿನ ಮರಕ್ಕೆ ಒರಗಿ ನಿಂತಿತ್ತು.

ಮೇಲಿನವರಿಗೆ ಪತ್ರ ಬರೆದು ಬರೆದು, ಆ ದಿಬ್ಬದ ಮೇಲೆ ಒಂದೇ ಒಂದು ಪರೀಕ್ಷೆಯ ಗುಂಡಿ ತೋಡಲು ಒಪ್ಪಿಗೆ ತಂದರು. ಒಬ್ಬ ಮನುಷ್ಯ ಕೈ ಚಾಚಿ ಮಲಗುವಷ್ಟು ಅಗಲ, ಎದೆಯಷ್ಟು ಆಳ. ಅದನ್ನು ಅಗೆಯಲು ನಮ್ಮ ಗಂಡಸರಿಗೆ ಅರ್ಧ ದಿನ ಸಾಕಿತ್ತು. ಮಾಸ್ತರು ಎಂಟು ತಿಂಗಳು ತೆಗೆದುಕೊಂಡರು. ಬೆರಳಷ್ಟು ಮಣ್ಣು ಕೆರೆಯುವುದು, ಸಿಕ್ಕ ಬೋಕಿಯನ್ನು ಬೇರೆ ಬೇರೆ ಬಟ್ಟೆಯ ಚೀಲಕ್ಕೆ ಹಾಕುವುದು, ಯಾವ ಆಳದ್ದೆಂದು ಚೀಟಿ ಬರೆದು ಅದರೊಳಗೆ ಇಡುವುದು. ಕೊನೆಗೆ ಗುಂಡಿಯ ಒಂದು ಗೋಡೆಯ ಮುಂದೆ ಹಲ್ಲಿನ ಬ್ರಶ್ಶು ಹಿಡಿದು ಕೂತರು. ಆ ಗೋಡೆಯಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು, ಒಂದು ಕಪ್ಪು, ಒಂದು ಕೆಂಪು, ಮತ್ತೆ ಕಪ್ಪು. ಅವನ್ನು ಮೇಲಿಂದ ಕೆಳಗೆ ಎಣಿಸುವರು, ಕೆಳಗಿಂದ ಮೇಲೆ ಎಣಿಸುವರು, ತಪ್ಪಿದರೆ ತಲೆ ಬಡಿದುಕೊಂಡು ಮೊದಲಿನಿಂದ ಶುರು ಮಾಡುವರು. ಜತೆಗೆ ಬಂದ ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಬೆರೆಸಿ ಏನೋ ವಿವರಿಸುತ್ತಿದ್ದರು. ನಾವು ಮೇಲೆ ನಿಂತು ನೋಡುತ್ತಿದ್ದೆವು. ಅವರು ಎಣಿಸುತ್ತಿರುವುದು ಏನನ್ನು ಎಂದು ನಾನು ಕೇಳಲಿಲ್ಲ. ಅವರೂ ನಮಗೆ ಹೇಳಲಿಲ್ಲ. ಮಕ್ಕಳು, ಆಡುಗಳು ಗುಂಡಿಯಲ್ಲಿ ಬೀಳದಂತೆ ನೋಡಿಕೊಳ್ಳಿರಿ ಎಂದಷ್ಟೇ ಮಾಸ್ತರು ಹೇಳಿದ್ದರು.

ಮಳೆಗಾಲ ಬರುವ ಮುಂಚೆ ಸಾಹೇಬರೊಬ್ಬರು ಬಂದು ಗುಂಡಿ ನೋಡಿ ವರದಿ ಬರೆಯುವುದೆಂದೂ, ಸರ್ವೇಯರ್ ಪಂಚನಾಮೆ ಮಾಡುವುದೆಂದೂ ಗೊತ್ತಾಯಿತು. ಮಾಸ್ತರು ಸಾಹೇಬರನ್ನು ಕರೆತರಲು ಚಿಕ್ಕೋಡಿಗೆ ಹೋದರು. ನಾಳೆ ಮುಂಜಾನೆ ಬರುತ್ತೇವೆ ಎಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದರು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಹಿಂದಿನ ವರ್ಷ ಇನ್ನೊಬ್ಬ ಅಧಿಕಾರಿ ನಮ್ಮ ಕೇರಿಗೆ ಬಂದಿದ್ದರು. ಜೀಪಿನಿಂದ ಇಳಿದವರೇ ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು. ಹೋಗುವವರೆಗೂ ತೆಗೆಯಲಿಲ್ಲ. ಆ ದಿನ ನಾನು ಇಸ್ತ್ರಿ ಸೀರೆ ಉಟ್ಟು ಅವರ ಎದುರು ನಿಂತಿದ್ದೆ. ಆ ಕರವಸ್ತ್ರ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಈ ಸಲ ಬರುವ ಸಾಹೇಬ ಮೂಗು ಮುಚ್ಚಬಾರದು ಎಂದು ಹಟ ಹುಟ್ಟಿತು. ಹೆಂಗಸರನ್ನೆಲ್ಲ ಕೂಗಿದೆ. ದಾರಿ ಗುಡಿಸಿಸಿದೆ. ಬೂದಿಗುಂಡಿಗೆ ಮಣ್ಣು ಎಳೆಸಿದೆ. ಚೀಲದಲ್ಲಿದ್ದ ಬೋಕಿಗಳನ್ನೆಲ್ಲ ಒಂದೇ ಬುಟ್ಟಿಗೆ ಸುರುವಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿಸಿ, ದೊಡ್ಡದರಿಂದ ಸಣ್ಣದರವರೆಗೆ ಗುಂಡಿಯ ಸುತ್ತಲೂ ಜೋಡಿಸಿದೆ. ಒದ್ದೆಯಾದ ಚೀಟಿಗಳನ್ನು ಎಸೆದೆ. ಆಮೇಲೆ ಗುಂಡಿಯನ್ನು ಸಾರಿಸಲು ಹೇಳಿದೆ. ಮನೆಗೆ ದೊಡ್ಡವರು ಬಂದರೆ ನೆಲ ಸಾರಿಸದೆ ಇರುತ್ತೇವೆಯೆ?

“ಗೋಡಿನೂ ಸಾರಸೂನೇನ ಅಕ್ಕೋರ?” ಎಂದು ಒಬ್ಬಳು ಗುಂಡಿಯೊಳಗಿಂದ ಕೇಳಿದಳು.

“ಸಾರಸ್ರಿ. ಅರ್ಧಾ ಮಾಡಿ ಅರ್ಧಾ ಬಿಟ್ಟರ ಹೆಂಗ ಕಾಣತೈತಿ?”

ಅವ್ವ ಶಗಣಿಯ ಬುಟ್ಟಿ ಕೆಳಗಿಟ್ಟಳು. “ಬ್ಯಾಡ ಬೇ. ಮಾಸ್ತರು ದಿನಾ ಆ ಗೋಡಿ ಮುಂದ ಕುಂದರತಿದ್ರು. ಅವರನ್ನ ಕೇಳದ ಕೈ ಹಚ್ಚೂದು ಬ್ಯಾಡ.”

“ನಿನಗ ತಿಳಿಯಂಗಿಲ್ಲ, ಸುಮ್ಕಿರು,” ಎಂದೆ. ಎಲ್ಲರ ಮುಂದೆ ಎಂದೆ. ಸಾರಣೆಯಲ್ಲಿ ಅವ್ವನ ಕೈಯಷ್ಟು ಹದವಾದ ಕೈ ಕೇರಿಯಲ್ಲಿ ಇನ್ನೊಂದಿರಲಿಲ್ಲ. ಬುಟ್ಟಿ ಎತ್ತಿಕೊಂಡು ಇಳಿದು ಆ ಗೋಡೆಯನ್ನು ಅವಳೇ ಸಾರಿಸಿದಳು. ಮೇಲೆ ನಾನು ರಂಗೋಲಿ ಹಾಕಿದೆ.

ಮರುದಿನ ಜೀಪು ಬಂತು. ಸಾಹೇಬರು ಬೆಂಗಳೂರ ಕಡೆಯವರು. ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ನಾನು ಗೆದ್ದೆ ಎಂದುಕೊಂಡೆ. ಮಾಸ್ತರು ಅವರನ್ನು ದಾಟಿ ಮುಂದೆ ಓಡಿ ಗುಂಡಿಯ ಅಂಚಿಗೆ ಬಂದರು. ಅವರ ಮುಖ ನೋಡಿದಾಗಲೇ ಏನೋ ಕೆಟ್ಟಿದೆ ಎಂದು ತಿಳಿಯಿತು.

ಸಾಹೇಬರು ಬಗ್ಗಿ ನೋಡಿ ನಕ್ಕರು. “ಏನ್ರೀ ಪ್ರೊಫೆಸರೇ, ಹೋಮಕುಂಡ ಮಾಡಿಸಿದೀರಾ?”

ಊರ ಪಂಚರಲ್ಲಿ ಹಿರಿಯರು ಕೆಳಗಿಳಿದು ಗೋಡೆಯನ್ನು ಬೆರಳಿಂದ ಒತ್ತಿದರು. “ಇನ್ನಾ ಹಸಿ ಐತ್ರಿ ಸಾಹೇಬ್ರ. ನಿನ್ನಿ ಸಾರಸ್ಯಾರ, ಇವತ್ತ ಪುರಾತನ ಆತು. ಇವರು ತೋರಸೂ ಹಳೇ ನೆಲಾನೂ ಹಿಂಗ ಮಾಡಿದ್ದ.”

ಮಾಸ್ತರು ಥಾಪಿ ಹಿಡಿದು ಗುಂಡಿಗೆ ಹಾರಿದರು. ಮೇಲಿನ ಸಾರಣೆಯನ್ನು ಕೆರೆದರು. ಶಗಣಿಯ ನೀರು ಒಳಗೆ ಇಳಿದು ಗೆರೆಗಳೆಲ್ಲ ಕಲಸಿ ಒಂದೇ ಬಣ್ಣವಾಗಿತ್ತು. ಇನ್ನೂ ಕೆರೆದರು. ಇನ್ನೊಂದು ಗೇಣು ಒಳಗೆ ಹೋದರೆ ಕಾಣಿಸುತ್ತದೆ, ಒಂದು ತಾಸು ಕೊಡಿ ಎಂದು ಬೇಡಿದರು. ಸಾಹೇಬರು ಗಡಿಯಾರ ನೋಡಿಕೊಂಡರು. ಕಾಗವಾಡದಲ್ಲಿ ಊಟಕ್ಕೆ ಯಾರೋ ಕಾಯುತ್ತಿದ್ದರು.

“ಯಾರು ಮಾಡಿದ್ದು ಇದನ್ನ?” ಮಾಸ್ತರು ಒದರಿದರು. ಅಷ್ಟು ಮೆತ್ತಗಿನ ಮನುಷ್ಯನ ಬಾಯಿಂದ ಅಂಥ ಧ್ವನಿ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. “ಯಾರು ಹೇಳಿದ್ರು ಸಾರಸಂತ? ಯಾರ ತಲಿ ಇದು?”

ನಾನು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ತಳ್ಳಿ, ತಾನು ಮುಂದೆ ನಿಂತಳು.

“ನಾನ್ರಿ. ನಾನ ಹೇಳಿದೆ, ನಾನ ಸಾರಿಸಿದೆ.”

ಸಾಹೇಬರ ಮುಂದೆ ನನ್ನ ಹೆಸರು ಬಂದರೆ ನೌಕರಿ ಹೋಗುತ್ತದೆ ಎಂದು ಅವಳ ಹೆದರಿಕೆ. ನನಗೂ ಅದೇ ಹೆದರಿಕೆ. ನಾನು ಬಾಯಿ ಮುಚ್ಚಿದೆ.

“ಅವ್ವಾರ, ಇವು ಏನಂತ ತಿಳದಿದ್ರಿ?” ಮಾಸ್ತರು ಕೆರೆದ ಗೋಡೆಗೆ ಥಾಪಿ ಬಡಿದರು. “ನಿಮ್ಮ ಸಾರಣೀರಿ ಇವು! ನಿಮ್ಮ ಅತ್ತೀ ಅತ್ತಿ ಸಾರಿಸಿದ್ದು, ಅವರ ಅತ್ತಿ ಸಾರಿಸಿದ್ದು. ದೀಪಾವಳಿಗೊಮ್ಮೆ ಕೆಮ್ಮಣ್ಣ ಹಾಕಿ ಮೆತ್ತತಿದ್ರಲ್ಲ, ಅದು ವರ್ಷಕ್ಕೊಂದು ಗೆರಿ. ನೂರರ ಹತ್ತರ ಎಣಿಸಿದ್ದೆ. ನೂರು ವರ್ಷದ ಮನೀನ ಒಂದು ಬುಟ್ಟಿ ಶಗಣ್ಯಾಗ ಮುಚ್ಚಿಬಿಟ್ರಿ!”

ಹಿಂದೆ ನಿಂತಿದ್ದ ಒಬ್ಬ ಮುದುಕಿ, “ನಾವು ಸಾರಿಸಿದ್ದನ್ನ ಎಣಸತಿದ್ರೇನ್ರಿ? ಹಂಗಾರ ಮೊದಲ ನಮಗ ಹೇಳಬೇಕಿಲ್ರಿ?” ಎಂದಳು. ಮಾಸ್ತರು ಥಾಪಿ ಕೆಳಗಿಟ್ಟರು.

ಸರ್ವೇಯರ್ ಪಂಚನಾಮೆ ಬರೆದ. ಕೇರಿಯ ಇಂಥ ಹೆಂಗಸು ತಾನೇ ಹೇಳಿ ಗುಂಡಿ ಸಾರಿಸಿದ್ದಾಗಿ ಒಪ್ಪಿಕೊಂಡಿದ್ದಾಳೆ, ಪ್ರಾಚೀನ ವಸತಿಯ ಕುರುಹು ಕಾಣುವುದಿಲ್ಲ ಎಂದು. ಅದರ ಕೆಳಗೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡ. ಮಳೆ ಬೀಳುವ ಮುಂಚೆಯೇ ಊರವರು ಟ್ರ್ಯಾಕ್ಟರ್ ತಂದು ದಿಬ್ಬವನ್ನೇ ಸಪಾಟು ಮಾಡಿದರು. ಮುಂದಿನ ಹಂಗಾಮಿಗೆ ಅಲ್ಲಿ ಕಬ್ಬಿನ ಗಾಡಿಗಳು ನಿಂತವು. ಇಂದಿಗೂ ನಿಲ್ಲುತ್ತವೆ.

ಮಾಸ್ತರು ಒಂದು ವರ್ಷ ಈ ಕಡೆ ಸುಳಿಯಲಿಲ್ಲ. ಕೇರಿ ಅವ್ವನನ್ನು ಬಿಡಲಿಲ್ಲ. ಬೋರಿಂಗಿನ ಹತ್ತಿರ ಕೊಡ ಇಟ್ಟರೆ, “ಸಾರಿಸಿ ಸಾರಿಸಿ ನಮ್ಮ ಜಾಗಾ ತೊಳಕೊಂಡ ಹೋದಾಕಿ ಬಂದಳು” ಎನ್ನುವರು. ಆ ದಿನ ಗುಂಡಿಯೊಳಗೆ ಇಳಿದಿದ್ದ ಹೆಂಗಸರಿಗೆ ನಿಜ ಗೊತ್ತಿತ್ತು. ಅವರು ತುಟಿ ಬಿಚ್ಚಲಿಲ್ಲ. ಅವರ ಮಕ್ಕಳು ನನ್ನ ಅಂಗನವಾಡಿಯಲ್ಲಿದ್ದರು, ನನ್ನ ಅವ್ವನೇ ಅವರಿಂದ ಆಣೆ ಹಾಕಿಸಿಕೊಂಡಿದ್ದಳು. ನಾನು ಮನೆಯಲ್ಲಿ ಎಷ್ಟೋ ಸಲ, “ನಾ ಹೇಳಿಬಿಡತೇನಿ ಬೇ” ಎನ್ನುತ್ತಿದ್ದೆ. “ಹೇಳಿ ಏನ ಮಾಡ್ತಿ? ದಿಬ್ಬ ವಾಪಸ್ ಬರತೈತೇನು?” ಎನ್ನುತ್ತಿದ್ದಳು. ಆ ಮಾತು ನನಗೆ ಅನುಕೂಲವಾಗಿತ್ತು, ಹಿಡಿದುಕೊಂಡೆ.

ವರ್ಷದ ಮೇಲೆ ಒಂದು ಮಧ್ಯಾಹ್ನ ಮಾಸ್ತರು ಬಂದು ನಮ್ಮ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತರು. ಅವ್ವ ಚಾಪೆ ಕೊಡಲು ಹೋದರೆ ಬೇಡ ಎಂದರು.

“ನಾ ಒದರಬಾರದಿತ್ರಿ ಅವ್ವಾರ. ನೀವು ಬರದದ್ದನ್ನ ನಾ ಎಂಟು ತಿಂಗಳಾ ಓದಿದೆ. ಕಾಲೇಜಿನ ಹುಡುಗರಿಗಿ ಓದಿ ಹೇಳಿದೆ, ಚಿಕ್ಕೋಡಿ ಸಾಹೇಬ್ರಿಗಿ ಓದಿ ಹೇಳಿದೆ. ನಿಮಗೊಮ್ಮೆ ಓದಿ ಹೇಳಬೇಕಂತ ನನಗ ಹೊಳೀಲಿಲ್ಲ. ತಪ್ಪು ನಂದು.”

“ಇರ್ಲಿ ತಗೋರಿ, ಚಾ ಕುಡೀರಿ,” ಎಂದಳು ಅವ್ವ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ.

ಅಂದಿನಿಂದ ಅವರು ಕೆಲಸದ ದಾರಿಯನ್ನೇ ಬದಲಿಸಿದರು. ಅಗೆಯಲು ದಿಬ್ಬ ಇರಲಿಲ್ಲ. ನಮ್ಮ ಕೇರಿಯ ಬುದ್ಧ ವಿಹಾರದ ಮುಂದಿನ ಬಯಲಿನಲ್ಲಿ ಮುದುಕಿಯರನ್ನೆಲ್ಲ ಕೂಡಿಸಿ, ಅವರ ಕೈಗೆ ಒಲೆಯ ಬೂದಿ ಕೊಟ್ಟು, ಹಳೇ ಕೇರಿಯನ್ನು ನೆಲದ ಮೇಲೆ ಬರೆಯಿರಿ ಎಂದರು. ತಮ್ಮ ಅತ್ತೆಯಂದಿರಿಂದ ಕೇಳಿದ್ದು, ಸಣ್ಣವರಿದ್ದಾಗ ಕಂಡದ್ದು, ಎಲ್ಲ. ಮೊದಲು ನಾಚಿಕೊಂಡರು. ಆಮೇಲೆ ಜಗಳಕ್ಕೆ ನಿಂತರು. “ಅಲ್ಲ ಬೇ, ನಿಮ್ಮ ಬಾಗಲಾ ಹೊಳಿ ಕಡೆ ಇತ್ತು.” “ನಿನಗೇನ ಗೊತ್ತ, ನೀ ಹುಟ್ಟಿದ್ದ ಮಹಾಪೂರದ ವರ್ಷ.” ಮಾಸ್ತರು ಯಾರನ್ನೂ ತಡೆಯುತ್ತಿರಲಿಲ್ಲ. ಬಾಗಿಲ ವಿಷಯದಲ್ಲಿ ಮೂವರು ಮೂರು ಮಾತು ಹೇಳಿದರೆ ಮೂರನ್ನೂ ಬರೆದುಕೊಳ್ಳುತ್ತಿದ್ದರು. ಪ್ರತಿ ಸಲವೂ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಸರಿಯೇ ಎಂದು ಕೇಳಿಯೇ ಎದ್ದು ಹೋಗುತ್ತಿದ್ದರು. ಒಲೆ ಎಲ್ಲಿತ್ತು, ಬಾಣಂತಿ ಎಲ್ಲಿ ಮಲಗುತ್ತಿದ್ದಳು, ಬಾವಿಗೆ ಇಳಿಯಲು ಬಿಡದ ಕಾಲದಲ್ಲಿ ಕೊಡ ಹಿಡಿದು ಎಲ್ಲಿ ಕಾಯುತ್ತ ನಿಲ್ಲುತ್ತಿದ್ದರು, ಎಲ್ಲವೂ ಕಾಗದದ ಮೇಲೆ ಬಂತು. ಆ ನಿಲ್ಲುವ ಜಾಗವನ್ನು ತೋರಿಸಿದವಳು ಅವ್ವ. ತೋರಿಸಿದ ಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಆ ನಕ್ಷೆಯನ್ನು ಧಾರವಾಡದ ಒಂದು ಸಭೆಗೆ ಒಯ್ದರು. ಯಾವ ಅರಸರ ಕಾಲದ್ದು ಎಂದು ಅಲ್ಲಿ ಒಬ್ಬ ಪಂಡಿತರು ಕೇಳಿದರಂತೆ. “ಅರಸರ ಕಾಲದ್ದಲ್ರಿ, ಅವ್ವಗೋಳ ಕಾಲದ್ದು ಅಂದೆ. ನಕ್ಕರು,” ಎಂದು ನಮ್ಮ ಮುಂದೆ ಹೇಳಿ ತಾವೂ ನಗಲು ನೋಡಿದರು, ಆಗಲಿಲ್ಲ. ಚಿಕ್ಕೋಡಿಯ ಕಚೇರಿಗೂ ನಕ್ಷೆ ಕೊಟ್ಟರು. ಬಾಯಿಮಾತು ದಾಖಲೆಯಲ್ಲ, ಹಿಂದಿನ ಪಂಚನಾಮೆ ನೋಡಿಕೊಳ್ಳುವುದು ಎಂದು ಬರೆದು ಹಿಂದಕ್ಕೆ ಕಳಿಸಿದರು. ಮತ್ತೆ ಅರ್ಜಿ, ಮತ್ತೆ ಅದೇ ಪಂಚನಾಮೆ. ಯಾವ ಬಾಗಿಲು ತಟ್ಟಿದರೂ ಅವ್ವನ ಹೆಬ್ಬೆಟ್ಟು ಅಡ್ಡ ಬರುತ್ತಿತ್ತು. ಒಂದು ಮಣ್ಣಿನ ಗೆರೆಯನ್ನು ಓದಲಾರದ ಸರಕಾರ ಒಂದು ಹೆಬ್ಬೆಟ್ಟನ್ನು ಎಷ್ಟು ಸರಾಗವಾಗಿ ಓದುತ್ತದೆ!

ತೊಂಬತ್ತರ ದಶಕದ ನಡುವೆ ಮಾಸ್ತರಿಗೆ ಹೊಟ್ಟೆಯ ರೋಗ ಹಿಡಿಯಿತು. ಮಿರಜದ ದವಾಖಾನೆಯಲ್ಲಿದ್ದಾರೆ ಎಂದು ಕೇಳಿ ನೋಡಲು ಹೋದೆ. ಹಾಸಿಗೆಗೆ ಹತ್ತಿ ಹೋಗಿದ್ದರು. ನನ್ನನ್ನು ಕಂಡ ಕೂಡಲೇ ನಕ್ಷೆಯಲ್ಲಿನ ಒಂದು ಮನೆಯ ಬಗ್ಗೆ ಕೇಳತೊಡಗಿದರು. ಆಮೇಲೆ, “ಅವ್ವಾರ ಹೆಂಗದಾರ? ಆ ಹೆಣ್ಮಗಳ ಮ್ಯಾಲ ಹಂಗ ಒದರಬಾರದಿತ್ತು ನೋಡ್ರಿ,” ಎಂದರು. ಅಷ್ಟು ವರ್ಷವಾದರೂ ಅದನ್ನೇ ಹೇಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಕರವಸ್ತ್ರದ ಸಂಗತಿ, ಅವ್ವ ಬೇಡ ಎಂದದ್ದು, ನಾನು ಅವಳ ಬಾಯಿ ಮುಚ್ಚಿಸಿದ್ದು. ಕ್ಷಮಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಸಾಯುವ ಮನುಷ್ಯ ಹಾಗೆ ಮಾಡುತ್ತಾನೆ ಎಂದು ನಂಬಿದ್ದೆನೇನೋ. ಅವರು ಮೊಳಕೈ ಊರಿ ಎದ್ದರು.

“ಇಷ್ಟ ವರ್ಷ? ಆಕಿ ಹೆಸರಿಲೆ ಪಂಚನಾಮಿ ಐತಿ, ಕೇರಿ ತುಂಬ ಆಕಿನ್ನ ಬಯ್ತಾರ, ನೀವು ಕುಂತ ಕೇಳಿದ್ರಿ?” ಉಸಿರು ಹತ್ತಿತು. “ಹೋಗ್ರಿ ಅಕ್ಕೋರ. ಈಗ ಹೋಗ್ರಿ.”

ಗೋಡೆಯ ಕಡೆ ತಿರುಗಿದರು. ಅವರ ಹೆಂಡತಿ ನನ್ನನ್ನು ಹೊರಗೆ ಕರೆತಂದರು. ಕಾಗವಾಡದವರೆಗೆ ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಅವರ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಎಂಟು ದಿನಕ್ಕೆ ಒಂದು ಪೋಸ್ಟ್ ಕಾರ್ಡು ಬಂತು. ಅಕ್ಷರ ಸೊಟ್ಟ ಸೊಟ್ಟ, ಆದರೆ ಅವರದೇ. ಅದು ಇನ್ನೂ ನನ್ನ ಹತ್ತಿರ ಇದೆ, ನೋಡಿ ಬರೆಯುತ್ತೇನೆ:

“ಅಕ್ಕೋರೇ, ನನ್ನ ಸಿಟ್ಟು ಇಳಿದಿಲ್ಲ, ಇಳಿಯುವಷ್ಟು ದಿನ ನನಗಿಲ್ಲ. ಆ ಗೋಡೆಯ ಎಲ್ಲಕ್ಕಿಂತ ಮೇಲಿನ ಪದರು ನಿಮ್ಮದು. ಅದನ್ನು ಬಿಟ್ಟು ಬರೆದ ವರದಿ ಸುಳ್ಳು ವರದಿ. ಸಾರಿಸಲು ಯಾರು ಹೇಳಿದರು, ಯಾಕೆ ಹೇಳಿದರು ಎಂದು ನೀವೇ ಬರೆಯಬೇಕು. ಅವ್ವನ ಹೆಸರು ತೆಗೆಯಿರಿ. ಮೂಗು ಮುಚ್ಚಿಕೊಂಡ ಸಾಹೇಬನನ್ನು ಬಿಡಬೇಡಿರಿ, ಅವನೂ ಆ ಪದರಿನಲ್ಲಿದ್ದಾನೆ.”

ಆ ತಿಂಗಳು ಮುಗಿಯುವುದರೊಳಗೆ ಅವರು ತೀರಿಕೊಂಡರು. ನನಗೆ ಗೊತ್ತಾಗುವಾಗ ಮಣ್ಣು ಮುಗಿದಿತ್ತು. ಕಾಲೇಜಿಗೆ ಹೋಗಿ, ಅವರು ಅಲ್ಲಿ ಇಟ್ಟಿದ್ದ ಬೋಕಿಯ ಚೀಲಗಳನ್ನು ಕೇಳಿದೆ. ಹೊಸ ಕೋಣೆ ಕಟ್ಟುವಾಗ ಪಾಯಕ್ಕೆ ತುಂಬಿಸಿದೆವು ಎಂದ ಅಲ್ಲಿನ ಸಿಪಾಯಿ. ಬಯ್ಯಬೇಕೆಂದು ಬಾಯಿಗೆ ಬಂತು. ಬಯ್ಯಲು ನನಗೆಲ್ಲಿಯ ಮುಖ?

ಕಾರ್ಡು ಬಂದ ಮೇಲೂ ನಾನು ಬರೆಯಲಿಲ್ಲ. ಮೊದಲು ನೌಕರಿಯ ನೆಪ, ಆಮೇಲೆ ಮಗಳ ಮದುವೆಯ ನೆಪ, ಆಮೇಲೆ ಈಗ ಯಾರಿಗೆ ನೆನಪಿದೆ ಎಂಬ ನೆಪ. ನಡುವೆ ಅವ್ವ ಹೋದಳು. ಅವಳನ್ನು ಎತ್ತುವ ಮುಂಚೆ ಓಣಿಯ ಒಬ್ಬ ಹಿರಿಯಳು ಅವಳ ಕೆನ್ನೆ ಸವರಿ, “ಬಾಳ ಚಲೋ ಹೆಣಮಗಳು. ಆದ್ರ ಅದೊಂದು ದಿನ ಸಾರಸಬಾರದಿತ್ತು,” ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಅವ್ವನ ತಲೆಯ ಹತ್ತಿರ ನಿಂತಿದ್ದೆ, ಆಗಲೂ ಸುಮ್ಮನಿದ್ದೆ.

ನೌಕರಿ ಮುಗಿದಿದೆ. ಕಸಿದುಕೊಳ್ಳಲು ಯಾರ ಕೈಯಲ್ಲೂ ಏನೂ ಇಲ್ಲ. ಈ ಬರಹದ ಒಂದು ಪ್ರತಿಯನ್ನು ಚಿಕ್ಕೋಡಿಯ ಆ ಫೈಲಿಗೆ ಸೇರಿಸಲು ಕೊಡುತ್ತೇನೆ, ಒಂದನ್ನು ವಿಹಾರದ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇನೆ. ಮಾಸ್ತರು ಕೇಳಿದಷ್ಟನ್ನೇ ಕೆಳಗೆ ಬರೆದಿದ್ದೇನೆ.

ಗುಂಡಿಯ ಗೋಡೆಯನ್ನು ಸಾರಿಸಲು ಹೇಳಿದವಳು ಅಂಗನವಾಡಿಯ ಅಕ್ಕೋರು, ಅಂದರೆ ನಾನು. ನಮ್ಮ ಕೇರಿಗೆ ಬಂದವರು ಮೂಗು ಮುಚ್ಚಿಕೊಂಡಿದ್ದರು, ಅದಕ್ಕಾಗಿ ಹೇಳಿದೆ. ನನ್ನ ಅವ್ವ ಬೇಡ ಎಂದಿದ್ದಳು.